ಏಳು ಸುತ್ತು, ನಾಲ್ಕು ಹೊಂಡ: ಚಿತ್ರದುರ್ಗದ ಕೋಟೆಯನ್ನು ನೀರಿನ ಕಡೆಯಿಂದ ನೋಡಿದರೆ

ಓಬವ್ವನ ಕಥೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಕೇಳಿದರೆ ಎಲ್ಲರೂ ಒನಕೆಯಿಂದಲೇ ಶುರು ಮಾಡುತ್ತಾರೆ. ಕಥೆ ಶುರುವಾಗುವುದು ಮಾತ್ರ ಬಿಂದಿಗೆಯಿಂದ. ಕಾವಲಿಗಿದ್ದ ಗಂಡ ಊಟಕ್ಕೆ ಬಂದ. ಬಡಿಸಿದಳು. ನೋಡಿದರೆ ಮನೆಯಲ್ಲಿ ಕುಡಿಯುವ ನೀರಿಲ್ಲ. ಬಿಂದಿಗೆ ಎತ್ತಿಕೊಂಡು, ಬಂಡೆಗಳ ನಡುವೆ ನೀರು ನಿಲ್ಲುವ ಹತ್ತಿರದ ತಣ್ಣೀರು ದೋಣಿಗೆ ಹೋದಳು. ಅಲ್ಲಿ ಬಂಡೆಯ ಸಂದಿನಿಂದ ಗುಸುಗುಸು ಮಾತು ಕೇಳಿಸಿತು. ಮುಂದಿನದು ನಿಮಗೆ ಗೊತ್ತೇ ಇದೆ.

ದುರ್ಗದ ಗುಡ್ಡ ಹತ್ತಿದವರೆಲ್ಲ ಆ ಕಿಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡಿದ್ದೇನೆ. ಹತ್ತಿರದಲ್ಲೇ ಇರುವ ತಣ್ಣೀರು ದೋಣಿಯನ್ನು ಮೊದಲ ಸಲ ಹೋದಾಗ ನಾನು ನೋಡಲೇ ಇಲ್ಲ. ಎರಡನೇ ಸಲ ಜೊತೆಗೆ ಬಂದಿದ್ದ ಊರಿನ ಹಿರಿಯರೊಬ್ಬರು ಕೈ ಹಿಡಿದು ತೋರಿಸಿದರು. "ಕಿಂಡಿ ನೋಡಿದ್ರಿ, ನೀರು ನೋಡ್ಲಿಲ್ವಲ್ಲ" ಎಂದರು. ಅವತ್ತಿನಿಂದ ನನಗೆ ಈ ಕೋಟೆ ಬೇರೆಯೇ ಆಗಿ ಕಾಣುತ್ತಿದೆ. ಗೋಡೆ, ಬಾಗಿಲು, ಬುರುಜು ಎಲ್ಲ ಸರಿ. ಅವನ್ನೆಲ್ಲ ಕೆಲಸಕ್ಕೆ ಬರುವಂತೆ ಮಾಡಿದ್ದು ನೀರು.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. 2025ರ ಜುಲೈನಲ್ಲಿ ಯುನೆಸ್ಕೊ ಮರಾಠರ ಕಾಲದ 12 ಕೋಟೆಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಯಗಡ, ಶಿವನೇರಿ, ಪ್ರತಾಪಗಡ, ಪನ್ಹಾಳ, ಸಿಂಧುದುರ್ಗ ಸೇರಿದಂತೆ 11 ಕೋಟೆಗಳು ಮಹಾರಾಷ್ಟ್ರದವು. ಒಂದು ತಮಿಳುನಾಡಿನ ಜಿಂಜಿ. ಅದಕ್ಕೂ ಮೊದಲು, 2013ರಲ್ಲಿ, ರಾಜಸ್ಥಾನದ ಆರು ಗಿರಿದುರ್ಗಗಳು ಇದೇ ಪಟ್ಟಿ ಸೇರಿದ್ದವು. ನಮ್ಮ ಹಂಪಿ ಇದೆ, ಪಟ್ಟದಕಲ್ಲು ಇದೆ, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ಕರ್ನಾಟಕದ ಒಂದೇ ಒಂದು ಬೆಟ್ಟದ ಕೋಟೆ ಇಲ್ಲ. ಹಾಗಾಗಿ ದುರ್ಗದವರು ಕೇಳುವುದು ಸಹಜ: ನಮ್ಮದು ಯಾಕಿಲ್ಲ?

ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅದಕ್ಕೆ ಉತ್ತರ ಹುಡುಕುವ ಮೊದಲು ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕು. ಚಿತ್ರದುರ್ಗದ ಕೋಟೆ ಎಂದರೆ ಯಾವುದು? ಟಿಕೆಟ್ ಕೌಂಟರಿನಿಂದ ಮೇಲಕ್ಕಿರುವುದಷ್ಟೇನಾ?

ಬಂಡೆಗೆ ಬಂಡೆ ಹೊಲಿದ ಹಾಗೆ

ಮೊದಲು ಕಲ್ಲಿನ ವಿಷಯ. ಸಹ್ಯಾದ್ರಿಯ ಮರಾಠಾ ಕೋಟೆಗಳ ಕೆಳಗಿರುವುದು ಕಪ್ಪು ಬಸಾಲ್ಟ್. ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಕಲ್ಲು. ಅಲ್ಲಿನ ಬೆಟ್ಟಗಳಿಗೆ ಮೇಲೆ ಮಟ್ಟಸವಾದ ತಲೆ, ಸುತ್ತ ಕಡಿದಾದ ಗೋಡೆ. ಅಂಚನ್ನು ಕಾದರೆ ಅರ್ಧ ಕೆಲಸ ಮುಗಿಯಿತು.

ದುರ್ಗದ್ದು ಗ್ರಾನೈಟ್. ಸುಮಾರು 260 ಕೋಟಿ ವರ್ಷ ಹಳೆಯ ಕಲ್ಲು. ಬಿಸಿಲು ಮಳೆಗೆ ಈರುಳ್ಳಿ ಸಿಪ್ಪೆಯ ಹಾಗೆ ಸುಲಿದು ಸುಲಿದು ಗುಂಡಾಗಿದೆ. ಆನೆಗಾತ್ರದ, ಮನೆಗಾತ್ರದ ಗುಂಡುಗಳು ಒಂದರ ಮೇಲೊಂದು ಕೂತಿವೆ. ನಡುವೆ ಸಂದು, ಗವಿ, ಬಿರುಕು. ಇಂಥ ಗುಡ್ಡ ಕೋಟೆಗೆ ವರವೂ ಹೌದು, ಶಾಪವೂ ಹೌದು. ಅರ್ಧ ಗೋಡೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಿದೆ. ಆದರೆ ನೂರು ಸಂದುಗಳನ್ನೂ ಅದೇ ಬಿಟ್ಟಿದೆ. ಒಬ್ಬ ಮನುಷ್ಯ ತೂರಿಕೊಳ್ಳುವಷ್ಟು ಜಾಗ ಸಿಕ್ಕರೆ ಸಾಕು. ಓಬವ್ವನ ಕಿಂಡಿ ಅಂಥದ್ದೇ ಒಂದು ಸಂದು.

ದುರ್ಗವನ್ನು ಕಟ್ಟಿದವರು ಇದಕ್ಕೆ ಕಂಡುಕೊಂಡ ಉಪಾಯ ಸರಳ. ಬಂಡೆಗೂ ಬಂಡೆಗೂ ನಡುವೆ ಗೋಡೆ ಹಾಕಿದರು. ಗೋಡೆ ಬಂದು ಬಂಡೆಗೆ ಸೇರುತ್ತದೆ, ಬಂಡೆ ಮುಗಿದಲ್ಲಿ ಮತ್ತೆ ಗೋಡೆ ಶುರು. ಎಷ್ಟೋ ಕಡೆ ಎಲ್ಲಿ ಬಂಡೆ ಮುಗಿಯಿತು, ಎಲ್ಲಿ ಕಟ್ಟಡ ಶುರುವಾಯಿತು ಎಂದು ನಿಂತು ನೋಡಬೇಕಾಗುತ್ತದೆ. ದೊಡ್ಡ ದೊಡ್ಡ ಚಪ್ಪಡಿಗಳನ್ನು ಗಾರೆ ಇಲ್ಲದೆಯೇ ಒಂದಕ್ಕೊಂದು ಒತ್ತಿ ಕೂರಿಸಿದ್ದಾರೆ. ಚಾಕು ತೂರಿಸಲೂ ಜಾಗ ಸಿಗದ ಕಡೆಗಳಿವೆ.

ಕಲ್ಲು ಎಲ್ಲಿಂದ ಬಂತು? ಅಲ್ಲಿಂದಲೇ. ಗುಡ್ಡದ ಮೇಲೆ ನಡೆಯುವಾಗ ಕಾಲ ಕೆಳಗೆ ನೋಡಿ. ಬಂಡೆಯ ಮೇಲೆ ಸಾಲಾಗಿ ಚೌಕಾಕಾರದ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಬೆಣೆ ಬಡಿದು ಕಲ್ಲು ಸೀಳಿದ ಗುರುತು. ಕೆಲವು ಕಡೆ ಗುಳಿ ಹೊಡೆದು ಅರ್ಧಕ್ಕೇ ಬಿಟ್ಟಿದ್ದಾರೆ. ಆ ಕೆಲಸಗಾರ ನಾಳೆ ಬೆಳಗ್ಗೆ ವಾಪಸ್ ಬರುತ್ತಾನೇನೋ ಅನ್ನಿಸುತ್ತದೆ. ಹೀಗೆ ಕಲ್ಲು ತೆಗೆದ ಜಾಗ ಹಳ್ಳವಾಯಿತು. ಹಳ್ಳಕ್ಕೆ ಮಳೆನೀರು ತುಂಬಿತು. ಗೋಡೆಗೆ ಕಲ್ಲು ತೆಗೆದದ್ದೇ ಕುಡಿಯುವ ನೀರಿಗೆ ದಾರಿ ಆಯಿತು. ಕೋಟೆಯ ನೀರಿನ ಕಥೆ ಶುರುವಾಗುವುದೇ ಇಲ್ಲಿ.

ಏಳು ಸುತ್ತು ಎಂದರೆ ಏಳು ಬಳೆಯಲ್ಲ

ಏಳುಸುತ್ತಿನ ಕೋಟೆ ಎಂದ ಕೂಡಲೇ ಒಂದರೊಳಗೊಂದು ಏಳು ಬಳೆ ಜೋಡಿಸಿಟ್ಟ ಚಿತ್ರ ಕಣ್ಣಿಗೆ ಬರುತ್ತದೆ. ನಿಜವಾದ ಕೋಟೆ ಹಾಗಿಲ್ಲ. ಮೂರು ಸುತ್ತು ಬಯಲಿನಲ್ಲಿ, ನಾಲ್ಕು ಸುತ್ತು ಗುಡ್ಡದ ಮೇಲೆ. ಗುಡ್ಡ ತಿರುಗಿದ ಕಡೆ ಗೋಡೆ ತಿರುಗುತ್ತದೆ. ಬಂಡೆ ನೆಟ್ಟಗಿರುವ ಕಡೆ ಗೋಡೆಯೇ ಇಲ್ಲ, ಬೇಕಾಗಿಯೂ ಇಲ್ಲ.

ಇಷ್ಟೂ ಒಬ್ಬರು ಕಟ್ಟಿದ್ದಲ್ಲ. ಹೊಯ್ಸಳರ ಮತ್ತು ವಿಜಯನಗರದ ಕಾಲದಲ್ಲೇ ಇದು ಬೆಮ್ಮತ್ತನಕಲ್ಲು ಎಂಬ ಹೆಸರಿನ ಮುಖ್ಯ ಠಾಣೆಯಾಗಿತ್ತು. ಮತ್ತಿ ತಿಮ್ಮಣ್ಣ ನಾಯಕ ವಿಜಯನಗರದವರಿಂದ ಈ ಸೀಮೆಯ ಅಧಿಕಾರ ಪಡೆದದ್ದು 1568ರಲ್ಲಿ ಎನ್ನುತ್ತಾರೆ. ಅಷ್ಟರಲ್ಲಿ ತಾಳೀಕೋಟೆ ಯುದ್ಧ ಮುಗಿದು ಮೂರು ವರ್ಷವಾಗಿತ್ತು. ಹಂಪಿ ಹಾಳಾಗಿತ್ತು. ದೊಡ್ಡ ಸಾಮ್ರಾಜ್ಯ ಕುಸಿದಾಗ ಅದರ ಅಂಚಿನಲ್ಲಿದ್ದ ಪಾಳೆಗಾರರು ತಮ್ಮನ್ನು ತಾವೇ ಕಾಯ್ದುಕೊಳ್ಳಬೇಕಾಯಿತು. ಉತ್ತರಕ್ಕೆ ಬಿಜಾಪುರ, ಆಮೇಲೆ ಮೊಗಲರು, ಮರಾಠರು. ಪಶ್ಚಿಮಕ್ಕೆ ಕೆಳದಿಯವರು. ದಕ್ಷಿಣಕ್ಕೆ ಮೈಸೂರು. ಪಕ್ಕದಲ್ಲೇ ಹರಪನಹಳ್ಳಿ, ರಾಯದುರ್ಗದ ಪಾಳೆಗಾರರು. ಎಲ್ಲ ಕಡೆಯಿಂದಲೂ ಬರುವವರೇ. ಹಾಗಾಗಿ ಕಸ್ತೂರಿ ರಂಗಪ್ಪ ನಾಯಕ, ಭರಮಣ್ಣ ನಾಯಕ, ಮದಕರಿ ನಾಯಕರು ಒಬ್ಬರಾದ ಮೇಲೊಬ್ಬರು ಸುಮಾರು 200 ವರ್ಷ ಕೋಟೆಗೆ ಕಲ್ಲು ಸೇರಿಸುತ್ತಲೇ ಹೋದರು. ಕೊನೆಗೆ ಹೈದರ್, ಟಿಪ್ಪು ಕೂಡ ಸೇರಿಸಿದರು.

ಬಾಗಿಲುಗಳನ್ನು ನೋಡಿದರೆ ಕಟ್ಟಿದವರ ತಲೆ ಹೇಗೆ ಓಡುತ್ತಿತ್ತು ಎಂದು ಗೊತ್ತಾಗುತ್ತದೆ. ಹೊರಸುತ್ತಿನಲ್ಲಿ ರಂಗಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು, ಸಂತೆ ಬಾಗಿಲು. ಮೇಲೆ ಹೋಗುತ್ತ ಇನ್ನೂ ಎಷ್ಟೋ. ಒಟ್ಟು 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಸಂಖ್ಯೆಗಿಂತ ನನಗೆ ಮುಖ್ಯವಾಗಿ ಕಾಣುವುದು ದಾರಿಯ ತಿರುವು.

ಒಂದು ಬಾಗಿಲು ದಾಟಿದರೆ ಮುಂದಿನ ಬಾಗಿಲು ಎದುರಿಗೆ ಕಾಣುವುದಿಲ್ಲ. ದಾರಿ ಥಟ್ಟನೆ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಎರಡು ಕಡೆ ಎತ್ತರದ ಗೋಡೆ. ಯಾಕೆ ಹೀಗೆ? ಆ ಕಾಲದಲ್ಲಿ ಬಾಗಿಲು ಒಡೆಯಲು ಆನೆ ಬಿಡುತ್ತಿದ್ದರು. ಇಲ್ಲವೇ ದೊಡ್ಡ ಮರದ ದಿಮ್ಮಿ ಹೊತ್ತು ಓಡಿಬಂದು ಗುದ್ದುತ್ತಿದ್ದರು. ಎರಡಕ್ಕೂ ಓಡಿಬರಲು ನೆಟ್ಟಗಿನ ಜಾಗ ಬೇಕು. ಬಾಗಿಲ ಮುಂದೆ ಹತ್ತಿಪ್ಪತ್ತು ಹೆಜ್ಜೆಗೇ ದಾರಿ ತಿರುಗಿದರೆ ಆನೆಗೆ ವೇಗ ಸಿಗುವುದಿಲ್ಲ. ದಿಮ್ಮಿ ತಿರುಗಿಸಲು ಜಾಗವಿಲ್ಲ. ಸಾವಿರ ಜನ ನುಗ್ಗಿದರೂ ಆ ಇಕ್ಕಟ್ಟಿನಲ್ಲಿ ಒಂದು ಸಲಕ್ಕೆ ಕೆಲವೇ ಜನ ಕಾದಾಡಬಹುದು. ಮೇಲಿನಿಂದ ಕಲ್ಲು, ಬಾಣ, ಗುಂಡು ಬೀಳುತ್ತಲೇ ಇರುತ್ತವೆ. ಸಂಖ್ಯೆಯಲ್ಲಿ ದೊಡ್ಡದಾದ ಸೈನ್ಯವನ್ನು ಸಣ್ಣದಾಗಿ ಮಾಡುವ ಉಪಾಯ ಅದು.

ಇನ್ನು ಬತ್ತೇರಿಗಳು. ಎತ್ತರದ ಬಂಡೆಗಳ ನೆತ್ತಿಯ ಮೇಲೆ ಕಟ್ಟಿದ ಕಾವಲಿನ ಜಾಗಗಳನ್ನು ದುರ್ಗದವರು ಹಾಗೆ ಕರೆಯುತ್ತಾರೆ. ತುಪ್ಪದ ಕೊಳದ ಕಡೆಯ ಬತ್ತೇರಿಗೆ ಹತ್ತಲು ಇರುವುದು ಬಂಡೆಯಲ್ಲಿ ಕೊರೆದ ಕಾಲು ಊರುವ ಗುಳಿಗಳು ಮಾತ್ರ. ಹತ್ತುವಾಗ ಎದೆ ಡವಡವ ಅನ್ನುತ್ತದೆ. ಹತ್ತಿದ ಮೇಲೆ ನಾಲ್ಕೂ ದಿಕ್ಕಿಗೆ ಬಯಲು. ದೂರದಲ್ಲಿ ಏಳುವ ಧೂಳು ನೋಡಿಯೇ ಸೈನ್ಯ ಬರುತ್ತಿರುವುದು ತಿಳಿಯುತ್ತಿತ್ತು.

ಕೆಳಗಿನ ಸುತ್ತಿನಲ್ಲಿ ಮದ್ದು ಬೀಸುವ ಕಲ್ಲುಗಳಿವೆ. ಒಂದು ಹೊಂಡದ ಹಾಗಿರುವ ಜಾಗದಲ್ಲಿ ನಾಲ್ಕು ಭಾರೀ ಬೀಸುಕಲ್ಲು. ಸಿಡಿಮದ್ದನ್ನು ಇಲ್ಲೇ ಅರೆಯುತ್ತಿದ್ದರು, ಪ್ರಾಣಿಗಳನ್ನು ಕಟ್ಟಿ ತಿರುಗಿಸುತ್ತಿದ್ದರು ಎನ್ನುತ್ತಾರೆ. ಮುತ್ತಿಗೆ ಬಿದ್ದಾಗ ಹೊರಗಿನಿಂದ ಮದ್ದು ತರಿಸಲು ಆಗುವುದಿಲ್ಲ. ಒಳಗೇ ತಯಾರಾಗಬೇಕು. ಕಣಜ, ಟಂಕಸಾಲೆ, ಗರಡಿ, ಮಠ, ದೇವಸ್ಥಾನ ಎಲ್ಲವೂ ಗುಡ್ಡದ ಮೇಲೆ ಇದ್ದದ್ದು ಇದೇ ಕಾರಣಕ್ಕೆ. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿಯ ಪೂಜೆ ನಿಲ್ಲಬಾರದು. ಊಟ ನಿಲ್ಲಬಾರದು. ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಬದುಕುವುದಕ್ಕೆ ಬೇಕಾದ ಒಂದು ಇಡೀ ಊರು ಅದು.

ಗೋಡೆ ಬಿದ್ದದ್ದರಿಂದ ಕೋಟೆ ಹೋಗಲಿಲ್ಲ

ಕೋಟೆಯ ಗಟ್ಟಿತನ ಎಷ್ಟಿತ್ತು ಎಂಬುದಕ್ಕೆ ಹೈದರ್ ಅಲಿಯೇ ಸಾಕ್ಷಿ. 1777ರಲ್ಲಿ ಅವನು ದುರ್ಗಕ್ಕೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತ. ಮರಾಠರ ಸೈನ್ಯ ಬರುವ ಸುದ್ದಿ ಬಂದಾಗ ಹಣಕ್ಕೆ ಒಪ್ಪಿಸಿಕೊಂಡು ಎದ್ದು ಹೋದ. ಆ ಕಾಲದಲ್ಲಿ ದಕ್ಷಿಣದಲ್ಲೇ ದೊಡ್ಡ ಫಿರಂಗಿ ಪಡೆ ಇದ್ದವರಲ್ಲಿ ಅವನೊಬ್ಬ. ಅವನಿಗೂ ಗೋಡೆ ಒಡೆಯಲು ಆಗಲಿಲ್ಲ.

ಬೆಟ್ಟದ ಕೋಟೆಗಳನ್ನು ಗೆಲ್ಲುವುದು ಹೇಗೆ ಎಂದು ದುರ್ಗದವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನುವುದೂ ಗಮನಿಸಬೇಕಾದ ಸಂಗತಿ. 1770ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಡಾಬಸ್‌ಪೇಟೆ ಹತ್ತಿರದ ನಿಜಗಲ್ಲು ಕೋಟೆಯ ಮುಂದೆ ಸೋತು ಕೂತಿತ್ತು. ಕೊನೆಗೆ ಹತ್ತಿ ಗೆದ್ದುಕೊಟ್ಟವರು ಮದಕರಿ ನಾಯಕನ ಬೇಡರ ಪಡೆ. ಬಂಡೆ ಹತ್ತುವ ವಿದ್ಯೆ ಅವರ ಕೈಕಾಲಿನಲ್ಲೇ ಇತ್ತು. ಬೇರೆಯವರು ಗೋಡೆ ನೋಡುವ ಕಡೆ ಅವರಿಗೆ ಮೆಟ್ಟಿಲು ಕಾಣುತ್ತಿತ್ತು. ಅದೇ ಕಣ್ಣಿನಿಂದ ತಮ್ಮ ಕೋಟೆಯ ಸಂದುಗಳನ್ನೂ ಮುಚ್ಚಿದ್ದರು.

1779ರಲ್ಲಿ ಹೈದರ್ ಮತ್ತೆ ಬಂದ. ಈ ಸಲ ಒಳಗಿನ ಕೆಲವರು ಕೈಕೊಟ್ಟರು. ಕೋಟೆ ಹೋಯಿತು. ಕೊನೆಯ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ, ತಿರುಗಿ ಬರಲಿಲ್ಲ. ಆಮೇಲೆ ಹೈದರ್ ಮಾಡಿದ ಕೆಲಸ ನನಗೆ ಈ ಕೋಟೆಯ ಬಗ್ಗೆ ಬಹಳ ಹೇಳುತ್ತದೆ. ಅವನು ಗೋಡೆ ಕೆಡವಿಸಲಿಲ್ಲ. ಸಾವಿರಾರು ಬೇಡ ಕುಟುಂಬಗಳನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದ. ಯಾವ ಕಿಂಡಿ ಎಲ್ಲಿದೆ, ಯಾವ ದೊಣೆಯಲ್ಲಿ ಬೇಸಿಗೆಗೂ ನೀರಿರುತ್ತದೆ, ಯಾವ ಬಂಡೆಗೆ ಎಲ್ಲಿ ಕಾಲಿಡಬೇಕು ಎಂದು ಗೊತ್ತಿದ್ದ ಜನ ಅವರು. ಕೋಟೆಯ ನಿಜವಾದ ಬಲ ಎಲ್ಲಿದೆ ಎಂದು ಗೆದ್ದವನಿಗೆ ತಿಳಿದಿತ್ತು.

ಅಲ್ಲಿಂದ ಮುಂದೆ ಬೆಟ್ಟದ ಕೋಟೆಗಳ ಕಾಲವೇ ಮುಗಿಯುತ್ತ ಬಂತು. 1791ರ ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯಕ್ಕೆ ಸಿಕ್ಕಿದವು. ದೊಡ್ಡ ಫಿರಂಗಿಗಳನ್ನು ಕಾಡು ಕಡಿದು, ದಾರಿ ಮಾಡಿ, ಬೆಟ್ಟದ ಬುಡಕ್ಕೆ ತಂದು ನಿಲ್ಲಿಸುವ ತಾಳ್ಮೆ ಮತ್ತು ಹಣ ಎರಡೂ ಆ ಸೈನ್ಯಕ್ಕಿತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ದುರ್ಗವೂ ಇಂಗ್ಲಿಷರ ಕೈ ಸೇರಿ, ಆಮೇಲೆ ಮೈಸೂರು ಸಂಸ್ಥಾನಕ್ಕೆ ಬಂತು.

ಒಂದು ಎಕರೆ ಬಂಡೆ, ಮುನ್ನೂರು ಜನ

ಈಗ ನೀರಿಗೆ ಬರೋಣ. ಚಿತ್ರದುರ್ಗ ಬರದ ಜಿಲ್ಲೆ. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಗುಡ್ಡದ ಮೇಲೆ ಹೊಳೆಯಿಲ್ಲ, ಹಳ್ಳವಿಲ್ಲ. ಹಾಗಾದರೆ ಸಾವಿರಾರು ಜನ, ಆನೆ, ಕುದುರೆ, ದನ ಅಲ್ಲಿ ಹೇಗೆ ಬದುಕಿದವು?

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಎಕರೆ ಜಾಗದ ಮೇಲೆ 600 ಮಿ.ಮೀ. ಮಳೆ ಬಿದ್ದರೆ ಸುಮಾರು 24 ಲಕ್ಷ ಲೀಟರ್ ನೀರು. ಹೊಲವಾದರೆ ಬಹುಪಾಲು ನೆಲಕ್ಕೇ ಇಂಗುತ್ತದೆ. ಬೋಳು ಬಂಡೆ ಹಾಗಲ್ಲ. ಬಿದ್ದ ಹನಿಯನ್ನು ಹಾಗೇ ಕೆಳಗೆ ಜಾರಿಸುತ್ತದೆ. ಆವಿಯಾಗಿ, ಸೋರಿ ಅರ್ಧ ಹೋಯಿತು ಎಂದೇ ಇಟ್ಟುಕೊಳ್ಳಿ. 12 ಲಕ್ಷ ಲೀಟರ್ ಉಳಿಯಿತು. ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ 10 ಲೀಟರ್ ಹಿಡಿದರೆ, ಒಂದು ಎಕರೆ ಬಂಡೆಯ ಮಳೆ ಮುನ್ನೂರಕ್ಕೂ ಹೆಚ್ಚು ಜನರಿಗೆ ಇಡೀ ವರ್ಷ ಸಾಕು. ಗುಡ್ಡದ ಮೇಲೆ ಅಂಥ ಬಂಡೆ ಎಷ್ಟು ಎಕರೆ ಇದೆ ಅಂತ ಒಮ್ಮೆ ಕಣ್ಣು ಹಾಯಿಸಿ ನೋಡಿ. ಸಮಸ್ಯೆ ಮಳೆಯದ್ದಲ್ಲ. ಹಿಡಿದು ನಿಲ್ಲಿಸುವುದರದ್ದು.

ಹಿಡಿದು ನಿಲ್ಲಿಸಿದ ರೀತಿ ಚೆಂದ. ಮೇಲೆ ಗೋಪಾಲಸ್ವಾಮಿ ಹೊಂಡ. ಸುತ್ತಲಿನ ಬಂಡೆಗಳಿಂದ ಇಳಿದ ನೀರು ಅಲ್ಲಿ ಸೇರುತ್ತದೆ. ಅದು ತುಂಬಿದರೆ ಹೆಚ್ಚಾದದ್ದು ಅಕ್ಕ ತಂಗಿ ಹೊಂಡಕ್ಕೆ ಹರಿಯುತ್ತದೆ. ಅದು ತುಂಬಿದರೆ ಕೆಳಗೆ ಸಿಹಿನೀರು ಹೊಂಡ. ಅಲ್ಲಿಂದ ಊರೊಳಗಿನ ಸಂತೆ ಹೊಂಡ. ಮೇಲಿನ ಮನೆಯ ಹೊಸಿಲು ದಾಟಿದ್ದೇ ಕೆಳಗಿನ ಮನೆಗೆ.

ಈ ಸಾಲಿನಲ್ಲಿ ಎರಡು ಜಾಣತನ ಇದೆ. ಒಂದು, ಮೇಲಿನ ಹೊಂಡದಲ್ಲೇ ಹೂಳು ಕೂತು ಕೆಳಗೆ ಹೋಗುವ ನೀರು ತಿಳಿಯಾಗುತ್ತದೆ. ಎರಡನೆಯದು ಯುದ್ಧಕ್ಕೆ ಸಂಬಂಧಿಸಿದ್ದು. ಶತ್ರು ಬಯಲಿನ ಮೂರು ಸುತ್ತು ಗೆದ್ದು ಸಂತೆ ಹೊಂಡ ಹಿಡಿದರೂ ಮೇಲಿನವರ ನೀರಿಗೆ ಕೈ ಹಾಕಲು ಆಗುವುದಿಲ್ಲ. ನೀರು ಮೇಲಿನಿಂದ ಕೆಳಕ್ಕೆ ಬರುತ್ತದೆಯೇ ಹೊರತು ಕೆಳಗಿನಿಂದ ಮೇಲಕ್ಕಲ್ಲ. ಕೆಳಗಿನ ಬಾವಿಯನ್ನೇ ನೆಚ್ಚಿಕೊಂಡ ಕೋಟೆಗಳು ಬಾವಿ ಕೈತಪ್ಪಿದ ದಿನವೇ ಬಾಗಿಲು ತೆರೆಯಬೇಕಾಗುತ್ತಿತ್ತು. ದುರ್ಗದಲ್ಲಿ ಒಂದೊಂದು ಸುತ್ತು ಹಿಂದೆ ಸರಿದ ಹಾಗೆ, ಸರಿದವರಿಗೆ ಇನ್ನೊಂದು ಹೊಂಡ ಕಾದಿರುತ್ತಿತ್ತು. ಇದಲ್ಲದೆ ಬಂಡೆಗಳ ನಡುವೆ ತಣ್ಣೀರು ದೋಣಿಯಂಥ ಸಣ್ಣ ದೊಣೆಗಳು ಬೇರೆ. ನೆರಳಿರುವುದರಿಂದ ಬೇಸಿಗೆಯಲ್ಲೂ ನೀರು ತಣ್ಣಗೆ.

ಏಳು ಸುತ್ತಿನ ಗೋಡೆಗಳನ್ನೂ ನಾಲ್ಕು ಹೊಂಡಗಳನ್ನೂ ಒಂದೇ ನಕ್ಷೆಯ ಮೇಲೆ ಇಟ್ಟು ನೋಡಬೇಕು. ಆಗ ಎರಡೂ ಒಂದೇ ಯೋಚನೆ ಎಂದು ಗೊತ್ತಾಗುತ್ತದೆ. ಗೋಡೆ ಶತ್ರುವನ್ನು ತಡೆತಡೆದು ಮೇಲಕ್ಕೆ ಬಿಡುತ್ತದೆ. ಹೊಂಡ ನೀರನ್ನು ತಡೆತಡೆದು ಕೆಳಕ್ಕೆ ಬಿಡುತ್ತದೆ.

ಈ ವಿದ್ಯೆ ನಾಯಕರ ಕಾಲದಲ್ಲಿ ಹುಟ್ಟಿದ್ದಲ್ಲ. ಕೋಟೆಯ ಬೆನ್ನಿಗೇ ಇರುವ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. 4ನೇ ಶತಮಾನದ್ದು. ಅವನು ಗೆದ್ದ ರಾಜರ ಹೆಸರಿನ ಪಟ್ಟಿ ಎಂದೇ ಆ ಶಾಸನ ಪ್ರಸಿದ್ಧ. ಆದರೆ ಅದನ್ನು ಕೆತ್ತಿಸಿದ್ದು ಒಂದು ಕೆರೆಯ ಕೆಲಸದ ನೆನಪಿಗೆ. ಕನ್ನಡ ನಾಡಿನ ಮೊದಲ ರಾಜಮನೆತನವನ್ನು ಕಟ್ಟಿದವನು ಈ ಗುಡ್ಡದ ಬುಡದಲ್ಲಿ ಮಾತಾಡಿದ್ದು ಕೆರೆಯ ಬಗ್ಗೆ. ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅದೇ ಊರಿನ ಇವತ್ತಿನ ಸ್ಥಿತಿ ನೋಡಿ. ಚಿತ್ರದುರ್ಗ ನಗರಕ್ಕೆ ಕುಡಿಯುವ ನೀರು ಬರುವುದು ದೂರದ ಶಾಂತಿಸಾಗರದಿಂದ ಮತ್ತು ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರದಿಂದ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಜಿಲ್ಲೆಯ ರೈತರು ಭದ್ರಾ ಮೇಲ್ದಂಡೆ ನೀರಿಗೆ ವರ್ಷಗಳಿಂದ ಕಾಯುತ್ತಿದ್ದಾರೆ. 2023ರ ಕೇಂದ್ರ ಬಜೆಟ್‌ನಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿ ಎಂದು ಘೋಷಣೆಯೂ ಆಯಿತು. ಆ ದೊಡ್ಡ ಯೋಜನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿದ್ದ ಮಳೆಯನ್ನೇ ನಂಬಿ ಒಂದು ರಾಜಧಾನಿಯನ್ನು ನಡೆಸಿದ ಜಾಗ ಅದೇ ಊರಿನ ತಲೆಯ ಮೇಲಿದೆ. ಅದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಪಾಠವಾಗಿ ನೋಡಬೇಕು ಅನ್ನುವುದು ನನ್ನ ಆಸೆ.

ಕಾಪಾಡುತ್ತಿರುವುದು ಏನನ್ನು?

ಗುಡ್ಡದ ಮೇಲಿನ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿದೆ. 1958ರ ಕಾಯ್ದೆ, 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಮೇಲಿನ ನಾಲ್ಕು ಸುತ್ತಿಗೆ ಇದು ಒಳ್ಳೆಯ ಬೇಲಿ. ಹುಲ್ಲು ತೆಗೆಸುತ್ತಾರೆ, ಬಿದ್ದ ಕಲ್ಲು ಎತ್ತಿ ಕೂರಿಸುತ್ತಾರೆ, ಅರಮನೆಯ ಜಾಗದ ಮಣ್ಣಿನ ಗೋಡೆಗಳು ಮಳೆಗೆ ಕರಗದಂತೆ ನೋಡಿಕೊಳ್ಳುತ್ತಾರೆ. ಕಲ್ಲಿಗಿಂತ ಆ ಮಣ್ಣಿನ ಗೋಡೆ ಉಳಿಸುವುದು ಕಷ್ಟದ ಕೆಲಸ. ಅಲ್ಲಿ ಕೆಲಸ ಮಾಡುವವರ ಶ್ರಮ ದೊಡ್ಡದು.

ಬಯಲಿನ ಮೂರು ಸುತ್ತಿನ ಕಥೆಯೇ ಬೇರೆ. ಅವು ಊರೊಳಗೆ ಸೇರಿಹೋಗಿವೆ. ಒಂದು ಕಡೆ ಗೋಡೆ ಮನೆಯ ಹಿತ್ತಲಾಗಿದೆ. ಇನ್ನೊಂದು ಕಡೆ ಕಂದಕ ತುಂಬಿ ರಸ್ತೆಯಾಗಿದೆ. ಬಾಗಿಲು ಮಾತ್ರ ನಿಂತಿದೆ, ಅದರ ಎರಡೂ ಕಡೆಯ ಗೋಡೆ ಇಲ್ಲ. ಬಸ್ಸಿಳಿದು ಆಟೋ ಹತ್ತಿ ಕೋಟೆಗೆ ಹೋಗುವವರು ಮೂರು ಸುತ್ತು ದಾಟಿದ್ದೇವೆ ಎಂದು ಗೊತ್ತಾಗದೆಯೇ ದಾಟುತ್ತಾರೆ. ಅಲ್ಲಿ ತಲೆಮಾರುಗಳಿಂದ ಬದುಕುತ್ತಿರುವ ಜನರನ್ನು ಎಬ್ಬಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಕೋಟೆ ಒಳಗೆ ಜನ ಇರುವುದು ಕೋಟೆಗೆ ಹೊಸದಲ್ಲ. ಆದರೆ ಎಲ್ಲಿ ಗೋಡೆ ಇತ್ತು, ಎಲ್ಲಿ ಕಂದಕ ಇತ್ತು ಎಂಬ ಸರಿಯಾದ ನಕ್ಷೆ ನಗರಸಭೆಯ ಮೇಜಿನ ಮೇಲೆ ಇರಬೇಕು. ಹೊಸ ಚರಂಡಿ, ಹೊಸ ರಸ್ತೆ ಮಾಡುವ ಮೊದಲು ಅದನ್ನು ನೋಡಬೇಕು.

ನೀರಿನ ದಾರಿಗೂ ಇದೇ ಗತಿ. ಹೊಂಡ ಹೊಂಡವಾಗಿ ನೋಡಿದರೆ ನಾಲ್ಕೂ ಇವೆ. ನನ್ನ ಚಿಂತೆ ಅವುಗಳ ನಡುವಿನ ದಾರಿಯದ್ದು. ಹೊಂಡದ ಹೂಳು ತೆಗೆಸಿ ಮೆಟ್ಟಿಲು ತೊಳೆಸಿದರೆ ಫೋಟೊಗೆ ಚೆಂದ ಕಾಣುತ್ತದೆ. ನೀರು ಬರುವ ಕಾಲುವೆಯಲ್ಲಿ ಗಿಡ ಬೆಳೆದಿದ್ದರೆ, ಪ್ಲಾಸ್ಟಿಕ್ ಕಟ್ಟಿಕೊಂಡಿದ್ದರೆ ಆ ಹೊಂಡ ಸುಮ್ನೆ ಒಂದು ತೊಟ್ಟಿ. ತಡೆದ ನೀರು ಸುಮ್ಮನಿರುವುದೂ ಇಲ್ಲ. ಬೇರೆ ದಾರಿ ಹುಡುಕಿ ಗೋಡೆಯ ಬುಡಕ್ಕೆ ಇಳಿಯುತ್ತದೆ, ಕಲ್ಲಿನ ಸಂದಿನ ಮಣ್ಣು ತೊಳೆಯುತ್ತದೆ. ಅಲ್ಲಿ ಅರಳಿ ಗಿಡ ಹುಟ್ಟುತ್ತದೆ. ಅದರ ಬೇರು ಹೈದರನ ಫಿರಂಗಿ ಮಾಡದ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಗೋಡೆ ಉಳಿಯಬೇಕಾದರೂ ನೀರಿನ ದಾರಿ ಸರಿ ಇರಬೇಕು.

ಇಲ್ಲಿ ಯುನೆಸ್ಕೊ ಮಾತು ಮತ್ತೆ ಬರುತ್ತದೆ. ಮರಾಠಾ ಕೋಟೆಗಳು ಪಟ್ಟಿಗೆ ಸೇರಿದ್ದು ಬಿಡಿ ಬಿಡಿ ಕಟ್ಟಡಗಳಾಗಿ ಅಲ್ಲ. ಬೆಟ್ಟ, ಕಾಡು, ಕರಾವಳಿ, ದ್ವೀಪ ಎಲ್ಲವನ್ನೂ ಸೇರಿಸಿಕೊಂಡ ಒಂದು ರಕ್ಷಣಾ ವ್ಯವಸ್ಥೆಯಾಗಿ. 2021ರಲ್ಲಿ ತಾತ್ಕಾಲಿಕ ಪಟ್ಟಿಗೆ ಸೇರಿಸಿ, ನಾಲ್ಕು ವರ್ಷ ಕಡತ ತಯಾರಿಸಿ ಗೆದ್ದರು. ಅವುಗಳ ಪೈಕಿ ನಮಗೆ ಹತ್ತಿರದ್ದು ಜಿಂಜಿ. ಅದೂ ಗುಂಡುಕಲ್ಲಿನ ಬೆಟ್ಟ. ಮೂರು ಬೆಟ್ಟಗಳನ್ನು ಗೋಡೆಯಿಂದ ಜೋಡಿಸಿದ್ದಾರೆ, ಮೇಲೆ ನೀರಿನ ಏರ್ಪಾಟು ಇದೆ. ಔರಂಗಜೇಬನ ಸೇನಾಪತಿ ಜುಲ್ಫಿಕರ್ ಖಾನ್ ಅದನ್ನು ಗೆಲ್ಲಲು ಸುಮಾರು ಎಂಟು ವರ್ಷ ಒದ್ದಾಡಿದ. 1698ರಲ್ಲಷ್ಟೇ ಸಿಕ್ಕಿತು. ಜಿಂಜಿಗೆ ಸಿಕ್ಕ ಜಾಗ ದುರ್ಗಕ್ಕೆ ಸಿಗಬಾರದು ಎನ್ನಲು ನನಗೆ ಒಂದೂ ಕಾರಣ ಕಾಣುವುದಿಲ್ಲ.

ಆದರೆ ಆ ಕಡತದಲ್ಲಿ ಎರಡು ಪ್ರಶ್ನೆಗೆ ಉತ್ತರ ಬರೆಯಲೇಬೇಕು. ಜಾಗ ಮೂಲದ ಹಾಗೆ ಉಳಿದಿದೆಯೇ? ಇಡಿಯಾಗಿ ಉಳಿದಿದೆಯೇ? ಮೊದಲನೆಯದಕ್ಕೆ ದುರ್ಗ ಧೈರ್ಯವಾಗಿ ಹೌದು ಎನ್ನಬಹುದು. ಹೊಸ ಸಿಮೆಂಟಿನ ಕೈವಾಡ ಇಲ್ಲಿ ಕಡಿಮೆ. ತೊಡಕು ಇರುವುದು ಎರಡನೆಯದರಲ್ಲಿ. ಮೇಲಿನ ನಾಲ್ಕು ಸುತ್ತು ಒಂದು ಇಲಾಖೆಗೆ, ಕೆಳಗಿನ ಊರು ನಗರಸಭೆಗೆ, ಬೆನ್ನಿನ ಜೋಗಿಮಟ್ಟಿ ಕಾಡು ಅರಣ್ಯ ಇಲಾಖೆಗೆ ಎಂದು ಹಂಚಿಹೋದರೆ ಇಡಿಯಾಗಿ ನೋಡುವವರು ಯಾರು? ಹನಿ ನೀರಿಗೆ ಈ ಗಡಿಗಳು ಗೊತ್ತಿಲ್ಲ. ಗೋಪಾಲಸ್ವಾಮಿ ಹೊಂಡದಲ್ಲಿ ಹೊರಟದ್ದು ಸಂತೆ ಹೊಂಡದಲ್ಲಿ ನಿಲ್ಲುವಷ್ಟರಲ್ಲಿ ಕೈ ಬದಲಾಯಿಸಿರುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಪಟ್ಟಿಗೆ ಅರ್ಜಿ ಹಾಕುವ ಮೊದಲು ಬೇಕಾದದ್ದು ಒಂದು ಮಳೆಗಾಲದ ಸರ್ವೆ. ಬೇಸಿಗೆಯಲ್ಲಿ ಅಳತೆ ಪಟ್ಟಿ ಹಿಡಿದು ಗೋಡೆ ಅಳೆದಿದ್ದು ಸಾಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆ ಬಂದ ದಿನ ಗುಡ್ಡದ ಮೇಲೆ ನಿಂತು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಗುರುತು ಹಾಕಬೇಕು. ಜೊತೆಗೆ ಊರಿನ ಹಿರಿಯರನ್ನು ಕರೆದುಕೊಂಡು ಹೋಗಬೇಕು. ಯಾವ ಕಾಲುವೆ ಅವರ ಚಿಕ್ಕಂದಿನಲ್ಲಿ ಹರಿಯುತ್ತಿತ್ತು, ಎಲ್ಲಿ ಕಟ್ಟಿಕೊಂಡಿತು ಎಂದು ಅವರು ಬೆರಳಿಟ್ಟು ತೋರಿಸುತ್ತಾರೆ. ಆ ತಲೆಮಾರು ಇರುವಾಗಲೇ ಇದು ಆಗಬೇಕು.

2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವನ ಜಯಂತಿ ಮಾಡುತ್ತಿದೆ. ಒಳ್ಳೆಯ ಕೆಲಸ. ಮುಂಗಾರು ಹಿಂಗಾರು ಎರಡೂ ಸುರಿದ ವರ್ಷವಾದರೆ ಅಷ್ಟರಲ್ಲಿ ಹೊಂಡಗಳು ತುಂಬಿರುತ್ತವೆ. ಆ ದಿನ ಗುಡ್ಡ ಹತ್ತುವ ಮಕ್ಕಳನ್ನು ಕಿಂಡಿಯ ಹತ್ತಿರ ಕರೆದುಕೊಂಡು ಹೋದ ಮೇಷ್ಟ್ರು ಹಾಗೇ ನಾಲ್ಕು ಹೆಜ್ಜೆ ಆಚೆ ತಣ್ಣೀರು ದೋಣಿಗೂ ಕರೆದುಕೊಂಡು ಹೋಗಲಿ. ಅಲ್ಲಿಂದ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಸಿಹಿನೀರು ಹೊಂಡ ಎಂದು ನೀರಿನ ಜೊತೆಗೇ ಇಳಿದರೆ ಕೊನೆಗೆ ಸಂತೆ ಹೊಂಡದ ಮೆಟ್ಟಿಲಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಏಳು ಸುತ್ತಿನಲ್ಲಿ ಎಷ್ಟನ್ನು ದಾಟಿದೆವು ಎಂದು ಮಕ್ಕಳೇ ಎಣಿಸಿ ಹೇಳುತ್ತಾರೆ.